ಲಿಮಿಟೆಡ್ ಎಡಿಷನ್ ಪೆನ್ನು, ಅದಕ್ಕೆ 1.1 ಸ್ಟಬ್ ನಿಬ್: ದಿನಾ ಕನ್ನಡ ಬರೆಯುವವರು ತೆಗೆದುಕೊಳ್ಳಬಹುದೇ?

ದಿನಾ ಕನ್ನಡ ಬರೆಯಲು ಕಾಂಕ್ಲಿನ್ ಕಂಪನಿಯ ಲಿಮಿಟೆಡ್ ಎಡಿಷನ್ ಫೌಂಟನ್ ಪೆನ್ನನ್ನು, ಅದೂ 1.1 ಸ್ಟಬ್ ನಿಬ್ ಇರುವುದನ್ನು, ಖಾಲಿಯಾಗುವ ಮೊದಲೇ ಕೊಳ್ಳಲೇ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ಕೆಲವು ವರ್ಷಗಳ ಹಿಂದಿನ ನನ್ನನ್ನೇ ಕಂಡಂತಾಯಿತು. ಪೆನ್ನು ಕೂಡ ಅದೇ ಕಂಪನಿಯದು: ಕಾಂಕ್ಲಿನ್ ಆಲ್ ಅಮೆರಿಕನ್, ಲಿಮಿಟೆಡ್ ಎಡಿಷನ್, 1.1 ಸ್ಟಬ್, ಅಂದರೆ 1.1 ಮಿಲಿಮೀಟರ್ ಅಗಲದ ಚಪ್ಪಟೆ ತುದಿಯ ನಿಬ್. ಇನ್ನೊಂದು ವಾರ ಯೋಚಿಸಿದರೆ ಎಲ್ಲಿ ಖಾಲಿಯಾಗುತ್ತದೋ ಎನ್ನುವ ಭಯವೂ ಹೀಗೆಯೇ ಇತ್ತು. ಬಳಸಿದವರೆಲ್ಲ ಹೊಗಳುತ್ತಿದ್ದರು. ನಾನು ಯೋಚಿಸಲಿಲ್ಲ, ತರಿಸಿಕೊಂಡೆ.

ಪೆನ್ನು ಚೆನ್ನಾಗಿಯೇ ಇತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಪ್ಪ ಮೈ, ಕೈ ತುಂಬಾ ಹಿಡಿತ. ಮೈಯ ರೆಸಿನ್ (ಒಂದು ಬಗೆಯ ಪ್ಲಾಸ್ಟಿಕ್) ಒಳಗಿನ ಬಣ್ಣ ಬಿಸಿಲಿಗೆ ಹಿಡಿದರೆ ಅಲೆಅಲೆಯಾಗಿ ಹೊಳೆಯುತ್ತಿತ್ತು. ನಿಬ್‌ಗೆ ಪೆನ್ನಿನ ಉಳಿದ ಲೋಹದ ಭಾಗಗಳದೇ ಬಣ್ಣದ ಲೇಪನ. ಅದರಲ್ಲಿ ಗಾಳಿಗೆ ಇರುವ ತೂತು ದುಂಡಗಿರಲಿಲ್ಲ, ಅರ್ಧಚಂದ್ರದ ಆಕಾರದಲ್ಲಿತ್ತು. ಕಾಂಕ್ಲಿನ್‌ನ ಹಳೇ ಪೆನ್ನುಗಳಲ್ಲಿ ಇಂಕು ತುಂಬಿಸಲು ಪಕ್ಕದಲ್ಲಿ ಅರ್ಧಚಂದ್ರದಂಥ ಒಂದು ಲೋಹದ ತುಂಡು ಇರುತ್ತಿತ್ತು. ಅದು ಇದ್ದುದರಿಂದ ಪೆನ್ನು ಮೇಜಿನಿಂದ ಉರುಳಿ ಬೀಳುತ್ತಿರಲಿಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಆ ಪೆನ್ನನ್ನು ಮೆಚ್ಚಿ ಜಾಹೀರಾತಿಗೆ ಮಾತು ಕೊಟ್ಟಿದ್ದಕ್ಕೆ ಇದೂ ಒಂದು ಕಾರಣ. ಆ ನೆನಪಿಗೆ ಈಗ ನಿಬ್‌ನಲ್ಲಿ ಆ ತೂತು. ಇಂಥ ಸಣ್ಣ ವಿಷಯಗಳಿಗೆ ಮನಸ್ಸು ಸೋಲುವವರಿಗೆ ಮಾತ್ರ ಇದು ಅರ್ಥವಾಗುತ್ತದೆ, ನಿಮಗೆ ಆಗುತ್ತದೆ ಅಂತ ನಂಬಿದ್ದೇನೆ.

ಈಗ ಸ್ಟಬ್ ವಿಷಯ. ಸಾಮಾನ್ಯ ನಿಬ್‌ನ ತುದಿಯಲ್ಲಿ ಸಣ್ಣ ಗುಂಡು ಇರುತ್ತದೆ, ಯಾವ ಕಡೆಗೆ ಎಳೆದರೂ ಗೆರೆ ಹೆಚ್ಚುಕಡಿಮೆ ಒಂದೇ ದಪ್ಪ. ಸ್ಟಬ್‌ನ ತುದಿ ಚಪ್ಪಟೆ ಬ್ರಷ್ ಇದ್ದ ಹಾಗೆ. ಕೆಳಗೆ ಎಳೆದರೆ ದಪ್ಪ, ಅಡ್ಡ ಎಳೆದರೆ ತೆಳು. ಸ್ಟೀಲ್‌ನ 1.1 ನಿಬ್‌ಗಳಲ್ಲಿ ಸಾಮಾನ್ಯವಾಗಿ ತುದಿಯ ಗುಂಡೇ ಇರುವುದಿಲ್ಲ. ತಗಡನ್ನು ಅಗಲಕ್ಕೆ ಕತ್ತರಿಸಿ, ಮೂಲೆಗಳನ್ನು ಸ್ವಲ್ಪ ನಯ ಮಾಡಿರುತ್ತಾರೆ ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ದಿನ ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆದೆ. ನಿಜವಾಗಲೂ ಚೆಂದ ಬಂತು. ಹೊಗಳಿದವರು ಸುಳ್ಳು ಹೇಳಿರಲಿಲ್ಲ. ಆದರೆ ಅವರು ಬರೆದು ತೋರಿಸಿದ್ದೆಲ್ಲ ಇಂಗ್ಲಿಷ್, ಅದೂ ದುಬಾರಿ ಕಾಗದದ ಮೇಲೆ, ದೊಡ್ಡ ಅಕ್ಷರದಲ್ಲಿ ಎರಡು ಸಾಲು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನನಗೆ ಬೇಕಿದ್ದುದು ರೂಲ್ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಪಾಠದ ಟಿಪ್ಪಣಿ ಬರೆಯುವ ಪೆನ್ನು.

ಲೆಕ್ಕ ನೋಡಿ. ಚಪ್ಪಟೆ ತುದಿಯಿಂದ ಬರೆದ ಅಕ್ಷರ ಮುಚ್ಚಿಹೋಗದೆ ಕಾಣಬೇಕಾದರೆ ಅದರ ಎತ್ತರ ನಿಬ್‌ನ ಅಗಲದ ಸುಮಾರು ಐದು ಪಟ್ಟು ಇರಬೇಕು. 1.1 ನಿಬ್‌ಗೆ ಐದೂವರೆ ಮಿಲಿಮೀಟರ್ ಆಯಿತು. ನಮ್ಮ ನೋಟ್‌ಬುಕ್ಕಿನ ಗೆರೆಗಳ ನಡುವೆ ಇರುವುದೇ ಸುಮಾರು 8 ಮಿಲಿಮೀಟರ್. ಇಂಗ್ಲಿಷಿಗೆ ಅದು ಹೇಗೋ ಸಾಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ರಾಷ್ಟ್ರ’ ಬರೆಯಿರಿ, ಒಂದರ ಕೆಳಗೆ ಇನ್ನೊಂದು ಒತ್ತು. ಉಳಿದ ಎರಡೂವರೆ ಮಿಲಿಮೀಟರಿನಲ್ಲಿ ಎರಡನ್ನೂ ಎಲ್ಲಿ ಹಿಡಿಸುತ್ತೀರಿ? ‘ಣ’, ‘ಳ’ ಬರೆದರೆ ಒಳಗಿನ ಸುತ್ತು ಇಂಕಿನಿಂದ ತುಂಬಿಹೋಗುತ್ತಿತ್ತು. ತಲಕಟ್ಟು ಮಾತ್ರ ತೆಳ್ಳಗೆ, ತುಂಬಾ ಅಂದವಾಗಿ ಬರುತ್ತಿತ್ತು. ಅದನ್ನು ನೋಡಿಯೇ ನಾನು ಪೆನ್ನನ್ನು ಬಿಡಲಾಗದೆ ಉಳಿದಿದ್ದು.

ಇಷ್ಟಾದರೆ ಒಂದು ಸಾಲು ಬಿಟ್ಟು ಬರೆಯುತ್ತಿದ್ದೆ, ತೊಂದರೆ ಇರಲಿಲ್ಲ. ಆದರೆ ನಿಬ್ ಕೆರೆಯುತ್ತಿತ್ತು. ಇಲ್ಲೇ ನಾನು ಎಡವಿದ್ದು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದೇ ಮಾಡುತ್ತೀರಿ ಎನ್ನುವ ಹೆದರಿಕೆ ನನಗಿದೆ.

ಕನ್ನಡದ ಅಕ್ಷರ ಸುತ್ತಿಕೊಂಡು ಬರುತ್ತದೆ. ಒಂದೇ ಅಕ್ಷರದಲ್ಲಿ ನಿಬ್ ಕೆಳಗೆ ಹೋಗಬೇಕು, ಪಕ್ಕಕ್ಕೆ ಹೊರಳಬೇಕು, ಮತ್ತೆ ಮೇಲಕ್ಕೆ ಏರಬೇಕು. ಸ್ಟಬ್‌ಗೆ ಮೇಲಕ್ಕೆ ತಳ್ಳುವುದು ಕಷ್ಟ. ತುದಿಯ ಪೂರ್ತಿ ಅಗಲ ಕಾಗದದ ಮೇಲೆ ಕೂತಿದ್ದರೆ ಅದೂ ಸರಾಗ. ಸುತ್ತು ತಿರುಗುವಾಗ ಬೆರಳುಗಳು ಪೆನ್ನನ್ನು ಗೊತ್ತಿಲ್ಲದೆ ಒಂಚೂರು ಹೊರಳಿಸಿದರೆ ಮಾತ್ರ ಒಂದು ಮೂಲೆ ಮೇಲೇಳುತ್ತದೆ, ಇನ್ನೊಂದು ಮೂಲೆ ಕಾಗದಕ್ಕೆ ಕಚ್ಚುತ್ತದೆ. ಗೆರೆ ಅರ್ಧ ಮಾಯ, ಜೊತೆಗೆ ಕರಕರ ಸದ್ದು. ಬಾಲ್ ಪೆನ್ನು ಹಿಡಿದು ಬೆಳೆದ ಕೈಗೆ ಈ ಹೊರಳಿಸುವ ಅಭ್ಯಾಸ ಇದ್ದೇ ಇರುತ್ತದೆ. ನನಗೂ ಇತ್ತು. ನನಗೆ ಅದು ಗೊತ್ತಿರಲಿಲ್ಲ. ತಪ್ಪು ನಿಬ್‌ನದು ಅಂದುಕೊಂಡೆ.

ನಿಬ್ ನಯ ಮಾಡುವ ವಿಡಿಯೋಗಳನ್ನು ನೋಡಿದೆ. ಉಗುರಿಗೆ ಪಾಲಿಶ್ ಮಾಡುವ ಬಫರ್ ಪಟ್ಟಿ ತಂದು, ಅದರ ಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಿಬ್ ತಿಕ್ಕಿದೆ. ಬರೆದು ನೋಡಿದೆ, ಸ್ವಲ್ಪ ಪರವಾಗಿಲ್ಲ ಅನಿಸಿತು. ಮತ್ತೆ ತಿಕ್ಕಿದೆ. ಕೆರೆತ ಹೋಯಿತು, ಖುಷಿಯಾಯಿತು. ಇನ್ನೂ ನಯವಾಗಲಿ ಅಂತ ಇನ್ನಷ್ಟು ತಿಕ್ಕಿದೆ. ಗುಂಡು ಇರುವ ನಿಬ್‌ನಲ್ಲಿ ಸವೆಯಲು ಒಂದಿಷ್ಟು ಗಟ್ಟಿ ಲೋಹ ಇರುತ್ತದೆ. ಇದು ಬರೀ ತಗಡು. ಬಲಗಡೆ ಮೂಲೆ ಜಾಸ್ತಿ ಸವೆದು ತುದಿ ಓರೆಯಾಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ನಡುವಿನ ಸೀಳಿನ ಎರಡೂ ಒಳ ಅಂಚುಗಳು ದುಂಡಗಾಗಿಬಿಟ್ಟವು. ಇಂಕು ಬರುವುದು ಆ ಸೀಳಿನಿಂದ. ಅಂಚು ದುಂಡಗಾದರೆ ಸೀಳು ಕಾಗದವನ್ನು ಮುಟ್ಟುವುದೇ ಇಲ್ಲ, ಇಂಕು ಒಳಗೇ ನಿಲ್ಲುತ್ತದೆ. ಪ್ರತಿ ಪದದ ಮೊದಲ ಗೆರೆ ಖಾಲಿ. ಒತ್ತಿದರೆ ಮಾತ್ರ ಬರುತ್ತದೆ, ಒತ್ತಿದರೆ ಸೀಳು ಅಗಲವಾಗುತ್ತದೆ. ದಪ್ಪ ತೆಳುವಿನ ವ್ಯತ್ಯಾಸ, ಅಂದರೆ ಸ್ಟಬ್ ಕೊಂಡಿದ್ದೇ ಯಾವುದಕ್ಕೋ ಅದೂ ಅರ್ಧ ಹೋಗಿತ್ತು.

ಮಾಡಬೇಕಿದ್ದುದು ಏನೆಂದರೆ, ಮೊದಲು ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥ ಭೂತಗನ್ನಡಿಯಲ್ಲಿ ತುದಿ ನೋಡಬೇಕಿತ್ತು. ಸೀಳಿನ ಆಚೀಚೆಯ ಎರಡು ಭಾಗ ಒಂದೇ ಮಟ್ಟದಲ್ಲಿ ಇಲ್ಲದಿದ್ದರೂ ಕೆರೆಯುತ್ತದೆ. ಹಾಗಿದ್ದರೆ ಉಗುರಿನಿಂದ ಮೆಲ್ಲಗೆ ಒತ್ತಿದರೆ ಸರಿಹೋಗುತ್ತದೆ, ಲೋಹ ಸವೆಸುವ ಮಾತೇ ಇಲ್ಲ. ಎರಡೂ ಸಮ ಇದ್ದರೆ ತಪ್ಪು ಕೈಯದು. ಆಗ ನಿಬ್‌ನ ಮುಖ ಆಕಾಶ ನೋಡುವಂತೆ ಹಿಡಿದು, ಬೆರಳು ಹೊರಳಿಸದೆ ಮಣಿಕಟ್ಟಿನಿಂದ ನಿಧಾನವಾಗಿ ಬರೆಯಬೇಕು. ತಾಳ್ಮೆ ಇದ್ದರೆ ಕೈ ಕಲಿಯುತ್ತದೆ. ನಂತರ ನನ್ನದೂ ಕಲಿಯಿತು, ಆದರೆ ಬೇರೆ ನಿಬ್‌ನಲ್ಲಿ.

ಯಾಕೆಂದರೆ ಅದೇ ಬಣ್ಣದ, ಅದೇ ಅರ್ಧಚಂದ್ರದ ನಿಬ್ ನನಗೆ ಇಲ್ಲಿ ಸಿಗಲಿಲ್ಲ. ಹೊರಗಿನಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್ ಸೇರಿ ನಿಬ್‌ಗಿಂತ ಅವುಗಳದೇ ಖರ್ಚು ಜಾಸ್ತಿ. ಕೊನೆಗೆ ಜರ್ಮನಿಯ ಜೋವೊ ಕಂಪನಿಯ 6ನೇ ಸೈಜಿನ ಸಾದಾ ಸ್ಟಬ್ ನಿಬ್ ಹಾಕಿದೆ. ಚೆನ್ನಾಗಿ ಬರೆಯುತ್ತದೆ, ಒಪ್ಪುತ್ತೇನೆ. ಆದರೆ ಪೆನ್ನು ಈಗ ಆ ಎಡಿಷನ್ನಿನದು ಅಲ್ಲ. ಮುಚ್ಚಳ ತೆಗೆದಾಗೆಲ್ಲ ನನಗೆ ಅದು ಚುಚ್ಚುತ್ತದೆ.

ಈಗ ನಿಮ್ಮ ಪ್ರಶ್ನೆಯ ಬಗ್ಗೆ ಒಂದು ತಕರಾರು. ನೀವು ಲಿಮಿಟೆಡ್ ಎಡಿಷನ್ ಮತ್ತು ಸ್ಟಬ್ ಎರಡನ್ನೂ ಒಂದೇ ಪ್ರಶ್ನೆ ಮಾಡಿದ್ದೀರಿ. ಅವು ಬೇರೆ ಬೇರೆ. ಲಿಮಿಟೆಡ್ ಇರುವುದು ಮೈಬಣ್ಣ. ಬರೆಯುವುದು ನಿಬ್, ಅದು ಲಿಮಿಟೆಡ್ ಅಲ್ಲದ ಪೆನ್ನಿನಲ್ಲೂ ಅದೇ. ಕಾಂಕ್ಲಿನ್ ಹಲವು ಎಡಿಷನ್‌ಗಳನ್ನು 1898 ಅಥವಾ 898 ಪೆನ್ನು ಅಂತ ಲೆಕ್ಕ ಹಾಕಿ ಮಾಡುತ್ತದೆ. 1898 ಅಮೆರಿಕದ ಟೊಲೀಡೊದಲ್ಲಿ ಆ ಕಂಪನಿ ಶುರುವಾದ ವರ್ಷ, ಸಂಖ್ಯೆ ಬಂದಿದ್ದು ಅಲ್ಲಿಂದ. ಅದಕ್ಕೂ ಪೆನ್ನು ಬರೆಯುವ ರೀತಿಗೂ ಸಂಬಂಧ ಇಲ್ಲ. ‘ಮುಂದೆ ಬೆಲೆ ಏರುತ್ತದೆ’ ಅಂತಲೂ ಬರೆದಿದ್ದೀರಿ. ಆ ಆಸೆಗೆ ದಯವಿಟ್ಟು ಕೊಳ್ಳಬೇಡಿ. ಬಣ್ಣ ನೋಡಿ ರಾತ್ರಿ ನಿದ್ದೆ ಬರುತ್ತಿಲ್ಲ ಅಂದರೆ ಕೊಳ್ಳಿ, ಅದು ನನ್ನ ಪ್ರಕಾರ ಪೂರ್ತಿ ಸರಿಯಾದ ಕಾರಣ.

ಸ್ಟಬ್‌ನಿಂದ ಅಕ್ಷರ ಚೆಂದವಾಗುತ್ತದೆ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಅಳತೆ ಸಮ ಇರುವ ಅಕ್ಷರ ಇನ್ನೂ ಚೆಂದ ಕಾಣುತ್ತದೆ, ಅಂಕುಡೊಂಕು ಇದ್ದರೆ ಅದೂ ಎದ್ದು ಕಾಣುತ್ತದೆ.

ಹಾಗಾಗಿ ಸ್ಟಬ್ ಕಲಿಯಲು ಲಾಮಿ ಕಂಪನಿಯ ಸಫಾರಿ ಎನ್ನುವ ಪೆನ್ನಿಗೆ 1.1 ನಿಬ್ ತೆಗೆದುಕೊಳ್ಳಿ. ಸೆಲ್ಲೋಟೇಪ್ ಅಂಟಿಸಿ ಎಳೆದರೆ ಹಳೇ ನಿಬ್ ಬರುತ್ತದೆ, ಹೊಸದನ್ನು ಕೈಯಿಂದಲೇ ತಳ್ಳಿ ಕೂರಿಸಬಹುದು. ಹಾಳಾದರೂ ಹೊಟ್ಟೆ ಉರಿಯುವುದಿಲ್ಲ. ಅದರಲ್ಲಿ ನಿಮ್ಮ ಮಾಮೂಲಿ ನೋಟ್‌ಬುಕ್ಕಿನಲ್ಲೇ, ನಿಮ್ಮ ಮಾಮೂಲಿ ವೇಗದಲ್ಲೇ ಕನ್ನಡ ಬರೆಯಿರಿ. ಸ್ಟಬ್ ಇಂಕನ್ನು ಧಾರಾಳವಾಗಿ ಸುರಿಯುತ್ತದೆ, ಅಗ್ಗದ ಕಾಗದದಲ್ಲಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಪುಟದ ಎರಡೂ ಬದಿ ಬರೆಯುವವರಾದರೆ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ನನಗೆ ಈಗ ಸ್ಟಬ್ ಬೇಕಾಗುವುದು ಪತ್ರಕ್ಕೆ, ಲಕೋಟೆ ಮೇಲಿನ ವಿಳಾಸಕ್ಕೆ, ಪಾಠದ ಶೀರ್ಷಿಕೆಗೆ. ಆ ಕೆಲಸಕ್ಕೆ ಅದರಷ್ಟು ಸೊಗಸು ಬೇರೆ ಯಾವ ನಿಬ್‌ನಲ್ಲೂ ಇಲ್ಲ. ಟಿಪ್ಪಣಿಗೆ ತೆಳು ಗೆರೆಯ ಫೈನ್ ನಿಬ್ಬೇ.

ಪೆನ್ನು ಖಾಲಿಯಾಗುವ ಭಯ ತಡೆಯಲಾಗದಿದ್ದರೆ ಹೀಗೆ ಮಾಡಿ. ಆ ಎಡಿಷನ್ನನ್ನು ಫೈನ್ ಅಥವಾ ಮೀಡಿಯಂ ನಿಬ್‌ನಲ್ಲಿ ತೆಗೆದುಕೊಳ್ಳಿ. ಹಣ ಕಟ್ಟುವ ಮೊದಲೇ ಅಂಗಡಿಯವರನ್ನು ಕೇಳಿ: ಇದೇ ಬಣ್ಣದ ಸ್ಟಬ್ ನಿಬ್ ಬಿಡಿಯಾಗಿ ಸಿಗುತ್ತದಾ, ಎಷ್ಟಾಗುತ್ತದೆ? ಸಿಗುತ್ತದೆ ಅಂದರೆ ಅದನ್ನೂ ಈಗಲೇ ಸೇರಿಸಿ ಆರ್ಡರ್ ಮಾಡಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.