ಮೂರು ದಿನ, ಹತ್ತು ಜಾಗ, ಒಂದು ಪುಟ್ಟ ಮಗು

ಪ್ರಶ್ನೆ: ನಾವು ಹಾಸನದವರು. ಮಗಳಿಗೆ 1 ವರ್ಷ 10 ತಿಂಗಳು. ಸಂಕ್ರಾಂತಿ ರಜೆಗೆ ನಾನು, ನಮ್ಮ ಯಜಮಾನರು, ಅತ್ತೆ ಕಾರಿನಲ್ಲಿ ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದ ಊರುಗಳನ್ನು ಸುತ್ತಿ ಬರೋಣ ಅಂತಿದ್ದೇವೆ. ಮೂರು ದಿನಕ್ಕೆ ಹತ್ತು ಜಾಗ ಪಟ್ಟಿ ಮಾಡಿದ್ದಾರೆ ಇವರು. ಹೋದ ಸಲ ಮಗು ಅರ್ಧ ದಾರಿಯಲ್ಲೇ ವಾಂತಿ ಮಾಡಿಕೊಂಡಿತು. ಹೊರಡುವ ಮೊದಲು ಔಷಧಿ ಹಾಕಬಹುದಾ? ಇನ್ನೊಂದು ಕೇಳ್ತೀನಿ, ನಗಬೇಡಿ. ಅಲ್ಲಿ ಮಾರುವ ಹೋಂಮೇಡ್ ವೈನ್ ರುಚಿ ನೋಡುವ ಆಸೆ. ಮಗು ಇನ್ನೂ ಎದೆಹಾಲು ಕುಡಿಯುತ್ತೆ.

ಮಕ್ಕಳ ವೈದ್ಯರ ಉತ್ತರ: ಮೊದಲು ಆ ಪಟ್ಟಿ ಇಲ್ಲಿ ಕೊಡಿ. ನೀವು ಹೇಳಿದ ಸುತ್ತು ಎಲ್ಲಾ ಸೇರಿ ಸುಮಾರು 170 ಕಿ.ಮೀ. ದೂರ ಏನೂ ಜಾಸ್ತಿ ಇಲ್ಲ. ಕಷ್ಟ ಇರುವುದು ಹತ್ತಿಸಿ ಇಳಿಸುವುದರಲ್ಲಿ. ಹತ್ತು ಜಾಗ ಅಂದರೆ ಮಲಗಿದ ಮಗುವನ್ನು ಹತ್ತು ಸಲ ಎಬ್ಬಿಸಬೇಕು, ಹತ್ತು ಸಲ ಅಳಿಸಿ ಮತ್ತೆ ಕೂರಿಸಬೇಕು. ಚಿಕ್ಕಮಗಳೂರು ಮೂಡಿಗೆರೆ ನಡುವೆ ಒಂದೇ ಊರು, ಒಂದೇ ಹೋಂಸ್ಟೇ ಹಿಡಿಯಿರಿ. ಎರಡೂ ರಾತ್ರಿ ಅಲ್ಲೇ ಇರಿ. ಹೋಗುವಾಗ ಬೇಲೂರು, ಬರುವಾಗ ಸಕಲೇಶಪುರ. ಸಾಕು.

ಬೇಲೂರಿಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಅಂಗಳದ ಕಲ್ಲು ಕಾದಿರುತ್ತದೆ, ಬರಿಗಾಲಿನ ಮಗು ಒಂದು ಹೆಜ್ಜೆಯೂ ಇಡುವುದಿಲ್ಲ. ಇಡೀ ಗುಡಿ ತೋರಿಸಿದರೂ ನನ್ನ ಮಗ ನೋಡಿದ್ದು ಅಲ್ಲಿ ಓಡಾಡುತ್ತಿದ್ದ ಒಂದು ಅಳಿಲನ್ನು ಮಾತ್ರ. 1117ರ ಗುಡಿ ಅದು, ಇನ್ನೈದು ವರ್ಷ ಬಿಟ್ಟು ಹೋದರೂ ಅಲ್ಲೇ ಇರುತ್ತದೆ. ಮುಳ್ಳಯ್ಯನಗಿರಿಯನ್ನು ಈ ಸಲ ಬಿಟ್ಟುಬಿಡಿ. ಕಿರಿದಾದ ತಿರುವು ರಸ್ತೆ, ಆಮೇಲೆ ಮೆಟ್ಟಿಲು, ಮೇಲೆ ಜನವರಿಯ ಗಾಳಿ.

ಈಗ ವಾಂತಿ. ಕಾರು ತಿರುಗಿದ್ದು ಕಿವಿಯ ಒಳಭಾಗಕ್ಕೆ ಗೊತ್ತಾಗುತ್ತದೆ, ಮುಂದಿನ ಸೀಟಿನ ಬೆನ್ನು ನೋಡುತ್ತಿರುವ ಕಣ್ಣಿಗೆ ಗೊತ್ತಾಗುವುದಿಲ್ಲ. ಈ ಗೊಂದಲಕ್ಕೇ ಹೊಟ್ಟೆ ತೊಳಸುವುದು. ಆದರೆ ಇದು ಎರಡು ವರ್ಷದೊಳಗಿನ ಮಕ್ಕಳಲ್ಲಿ ಕಡಿಮೆ, ಎರಡರಿಂದ ಹನ್ನೆರಡರವರೆಗೆ ಜಾಸ್ತಿ. ಹೋದ ಸಲ ಹೊಟ್ಟೆ ತುಂಬಾ ಹಾಲು ಕುಡಿಸಿ ತಕ್ಷಣ ಹೊರಟಿರಾ, ನೆನಪು ಮಾಡಿಕೊಳ್ಳಿ. ಒಂದು ಗಂಟೆ ಮೊದಲು ಅರ್ಧ ಇಡ್ಲಿ ತಿನ್ನಿಸಿ. ಕಿಟಕಿ ಸ್ವಲ್ಪ ಇಳಿಸಿ. ಮೊಬೈಲ್ ಕೈಗೆ ಕೊಡಬೇಡಿ. ಮಗು ಮಲಗುವ ಹೊತ್ತಿಗೇ ಹೊರಟರೆ ಅರ್ಧ ಕೆಲಸ ಮುಗಿಯಿತು. ವಾಂತಿಯಾದರೆ ಓಆರ್‌ಎಸ್ ಚಮಚ ಚಮಚವಾಗಿ ಕುಡಿಸಿ. ಔಷಧಿ ಬೇಡ. ನಮ್ಮ ಮನೆಗಳಲ್ಲಿ ದೊಡ್ಡವರು ಸುಮ್ನೆ ನುಂಗುವ ಅವೋಮಿನ್‌ನಲ್ಲಿ ಇರುವುದು ಪ್ರೊಮೆಥಜೀನ್. ಎರಡು ವರ್ಷದೊಳಗಿನ ಮಗುವಿಗೆ ಅದು ಉಸಿರಾಟವನ್ನೇ ಕುಗ್ಗಿಸಬಹುದು. ಕಾಲು ಮಾತ್ರೆ ಅರೆದು ಹಾಕಿದರೆ ಏನೂ ಆಗಲ್ಲ ಅಂತ ಯಾರಾದರೂ ಹೇಳಿದರೂ ಕೇಳಬೇಡಿ.

ನೀವು ಕೇಳದೇ ಬಿಟ್ಟ ಮಾತೊಂದಿದೆ. ಮಗು ಕೂರುವುದೆಲ್ಲಿ? ಅತ್ತೆಯವರ ತೊಡೆಯ ಮೇಲೆ ಅಲ್ವಾ? ಗಟ್ಟಿ ಬ್ರೇಕ್ ಬಿದ್ದರೆ ಹತ್ತು ಕೆಜಿಯ ಮಗುವನ್ನು ಯಾರ ಕೈಯೂ ಹಿಡಿದಿಡಲಾರದು. ಹಿಂದಿನ ಸೀಟಿನಲ್ಲಿ ಬೇಬಿ ಸೀಟ್ ಕಟ್ಟಿ, ಈ ವಯಸ್ಸಿಗೆ ಅದರ ಮುಖ ಹಿಂದಕ್ಕಿರಲಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಬೇಬಿ ಸೀಟ್ ಇಲ್ಲದಿದ್ದರೆ 1000 ರೂಪಾಯಿ ದಂಡವೂ ಇದೆ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಮಗುವನ್ನು ಇಳಿಸಿ ಓಡಾಡಲು ಬಿಡಿ.

ಸಂಕ್ರಾಂತಿ ಹೊತ್ತಿಗೆ ಕಣದ ತುಂಬಾ ಕಾಫಿ ಹರಡಿರುತ್ತದೆ. ನಿಮ್ಮ ಮಗಳಿಗೆ ಹತ್ತು ಜಾಗಕ್ಕಿಂತ ಆ ಕಣವೇ ಸಾಕು. ಹಣ್ಣು ಸಿಪ್ಪೆ ಸಮೇತ ಒಣಗಿದ್ದಕ್ಕೆ ಅಲ್ಲಿಯವರು ಚೆರಿ ಅನ್ನುತ್ತಾರೆ. ಒಣಗಿದೆಯೋ ಇಲ್ಲವೋ ನೋಡಲು ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಬೀಜ ಗಲಗಲ ಅಂದರೆ ಆಯಿತು. ಆ ಹಿಡಿಯನ್ನೇ ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಮಗಳ ಕೈಗೆ ಕೊಡಿ. ಅದಕ್ಕಿಂತ ಒಳ್ಳೆಯ ಗಿಲಕಿ ಬೇರೆ ಇಲ್ಲ. ಬಿಡಿ ಬೀಜ ಮಾತ್ರ ಕೈಗೆ ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ ಅದು.

ಹೋಂಸ್ಟೇಗೆ ಫೋನ್ ಮಾಡಿದಾಗ ಊಟ ಏನು ಅಂತ ಆಮೇಲೆ ಕೇಳಿ. ಕಡುಬು, ಅಕ್ಕಿ ರೊಟ್ಟಿ ಸಿಕ್ಕೇ ಸಿಗುತ್ತದೆ, ಮಗುವಿಗೆ ಮೆತ್ತಗಿನ ಕಡುಬು ಸಾಕು. ಮೊದಲು ಕೇಳಬೇಕಾದದ್ದು ಮನೆ ಹತ್ತಿರ ಕೆರೆ ಇದೆಯಾ, ಬೇಲಿ ಇದೆಯಾ ಅಂತ. ಗಿಡಕ್ಕೆ ನೀರು ಹಾಯಿಸಲು ತೋಟದಲ್ಲಿ ಕೆರೆ ತೋಡಿರುತ್ತಾರೆ, ಎಷ್ಟೋ ಕಡೆ ಸುತ್ತ ಏನೂ ಇರುವುದಿಲ್ಲ. ಎರಡನೆಯದು ಆನೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ತೋಟಗಳಲ್ಲೇ ಓಡಾಡುತ್ತವೆ. ಎಲ್ಲಿವೆ ಅಂತ ಊರಿನವರನ್ನು ಕೇಳಿ, ಕತ್ತಲಾಗುವ ಮೊದಲೇ ಮನೆ ಸೇರಿಕೊಳ್ಳಿ. ಇಂಬಳದ, ಅಂದರೆ ಜಿಗಣೆಯ, ಚಿಂತೆ ಜನವರಿಯಲ್ಲಿ ಅಷ್ಟಿಲ್ಲ. ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ಚಗಳಿ ಇರುತ್ತದೆ, ಗಿಡಕ್ಕೆ ಕೈ ಹಾಕಿಸುವ ಮೊದಲು ಎಲೆ ನೋಡಿ.

ಇನ್ನು ವೈನ್. ನಗಲಿಲ್ಲ. ಒಂದು ಸಣ್ಣ ಲೋಟ ಕುಡಿದರೆ ಕನಿಷ್ಠ ಎರಡು ಗಂಟೆ ಹಾಲು ಕೊಡಬೇಡಿ. ಹಾಲು ಹಿಂಡಿ ಚೆಲ್ಲಿದರೆ ಬೇಗ ಸರಿಹೋಗುತ್ತದೆ ಅನ್ನುವುದು ಸುಳ್ಳು, ರಕ್ತದಲ್ಲಿ ಇಳಿದ ಹಾಗೇ ಹಾಲಿನಲ್ಲೂ ಇಳಿಯುತ್ತದೆ. ಕುಡಿದ ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು. ಮನೆಯಲ್ಲಿ ಮಾಡಿದ್ದರಲ್ಲಿ ಎಷ್ಟು ಮತ್ತಿದೆ ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬಾಟಲಿ ಡಿಕ್ಕಿಯಲ್ಲೇ ಇರಲಿ, ಹಾಲು ಬಿಡಿಸಿದ ಮೇಲೆ ತೆಗೆಯಿರಿ. ಸ್ಟೀರಿಂಗ್ ಹಿಡಿಯುವವರಿಗಂತೂ ಒಂದು ಗುಟುಕೂ ಇಲ್ಲ. ಡಿಕ್ಕಿಯಲ್ಲಿರುವುದು ಏನು ಅಂತ ಅತ್ತೆಯವರು ಕೇಳಿದರೆ ಏನು ಹೇಳಬೇಕು ಅನ್ನುವುದು ಮಾತ್ರ ಮಕ್ಕಳ ವೈದ್ಯರ ಕೈಯಲ್ಲಿಲ್ಲ.