ಚಿಪ್ಸ್ ಡಬ್ಬ ಮತ್ತು ಮತ್ತೆ ಮತ್ತೆ ಡಿಲೀಟ್ ಆಗುವ ಆ್ಯಪ್

ಪ್ರಶ್ನೆ: ನನಗೆ 27 ವರ್ಷ, ಊರು ಹೊಸನಗರದ ಹತ್ತಿರ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. 12 ಕಿಲೋ ಇಳಿಸಬೇಕೆಂದು ಬೆಳಗಿನ ತಿಂಡಿ ಬಿಟ್ಟಿದ್ದೇನೆ, ಮಧ್ಯಾಹ್ನ ಬರೀ ಸೌತೆಕಾಯಿ, ಮಜ್ಜಿಗೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋದರೆ ಕೈ ನಿಲ್ಲುವುದೇ ಇಲ್ಲ. ಹಲಸಿನಕಾಯಿ ಚಿಪ್ಸ್, ಆಮೇಲೆ ಮೊಸರವಲಕ್ಕಿ, ಬೆಲ್ಲ, ಹೊಟ್ಟೆ ನೋಯುವವರೆಗೆ. ವಾರಕ್ಕೆ ಮೂರ್ನಾಲ್ಕು ಸಲ, ಐದು ತಿಂಗಳಿಂದ. ಅಮ್ಮ ಏನೂ ಕೇಳುವುದಿಲ್ಲ, ಬೆಳಗಾದರೆ ಡಬ್ಬ ಮತ್ತೆ ತುಂಬಿರುತ್ತದೆ. ಒಂದು ಆ್ಯಪ್ ಹಾಕಿಕೊಂಡೆ. ಅದರಲ್ಲಿ ತಿಂದದ್ದನ್ನು ಬರೆಯಬೇಕು, ಚಾಟ್ ಮಾಡಬಹುದು. ತಪ್ಪಿದ ದಿನ ನಾಚಿಕೆಯಾಗಿ ಡಿಲೀಟ್ ಮಾಡುತ್ತೇನೆ. ಹೀಗೆ ನಾಲ್ಕು ಸಲ ಆಯಿತು. ಇದು ಕಾಯಿಲೆಯೋ, ಬಾಯಿಚಪಲವೋ? ಆ್ಯಪ್ ಸಾಕಾ?

ಉತ್ತರ: ಚಪಲಕ್ಕೆ ತಿನ್ನುವವರು ರುಚಿ ನೋಡಿ ತಿನ್ನುತ್ತಾರೆ. ನೀವು ತಿಂದ ಕೊನೆಯ ಹಿಡಿಯಲ್ಲಿ ಉಪ್ಪು ಹೆಚ್ಚಿತ್ತೋ ಕಡಿಮೆಯಿತ್ತೋ ಹೇಳಬಲ್ಲಿರಾ? ಕೈಮೀರಿ, ಗುಟ್ಟಾಗಿ ತಿಂದು ಆಮೇಲೆ ನಿಮ್ಮನ್ನೇ ಹೇಸಿಕೊಳ್ಳುವುದು ವಾರಕ್ಕೊಮ್ಮೆಯಾದರೂ, ಮೂರು ತಿಂಗಳು ನಡೆದರೆ ಮನೋವೈದ್ಯರು ಅದಕ್ಕೆ ಬಿಂಜ್ ಈಟಿಂಗ್ ಎಂಬ ಹೆಸರು ಕೊಡಬಹುದು. 2013ರಿಂದ ಅದು ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಪ್ರತ್ಯೇಕವಾಗಿಯೇ ಇದೆ. ಗಂಡಸರಿಗೂ ಬರುತ್ತದೆ, ಹೇಳಿಕೊಳ್ಳುವವರು ಕಡಿಮೆ, ಅಷ್ಟೆ. ನಿಮ್ಮದು ಅದೇ ಹೌದೋ ಅಲ್ಲವೋ ಎಂದು ಪತ್ರ ಓದಿ ನಾನು ತೀರ್ಪು ಕೊಡಲಾರೆ.

ಆದರೆ ಪತ್ರದಲ್ಲಿ ಒಂದು ಕಡೆ ಬೆರಳಿಡುತ್ತೇನೆ. ನೀವು ರಾತ್ರಿಯನ್ನು ದೂರುತ್ತಿದ್ದೀರಿ, ಎಡವುತ್ತಿರುವುದು ಬೆಳಗ್ಗೆ. ದಿನವಿಡೀ ಸೌತೆಕಾಯಿಯಲ್ಲಿ ಕಳೆದ ಮೈ, ಹೊರಗೆ ಜಿಟಿಜಿಟಿ ಮಳೆ, ಒಳಗೆ ಕರಿದ ಹಲಸಿನ ವಾಸನೆ: ಹನ್ನೊಂದು ಗಂಟೆಗೆ ಇನ್ನೇನಾಗಬೇಕಿತ್ತು? ತಿಂದ ತಪ್ಪಿಗೆ ಮಾರನೇ ದಿನ ಮತ್ತೆ ಉಪವಾಸ, ಆ ಹಸಿವಿಗೆ ಮತ್ತೆ ಡಬ್ಬ. ಇಂಗ್ಲೆಂಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆ ಈ ಗಾಣವನ್ನು ನಿಲ್ಲಿಸುವುದರಿಂದಲೇ ಶುರುವಾಗುತ್ತದೆ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಏನಾದರೂ ಸಣ್ಣದು, ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿಲ್ಲ. ರಾತ್ರಿ ಕೈತಪ್ಪಿದ್ದರೂ ಬೆಳಗ್ಗೆ ತಿಂಡಿ ತಿನ್ನಲೇಬೇಕು. ಕಷ್ಟ ಇರುವುದು ಇಲ್ಲೇ.

ಇನ್ನು ಆ್ಯಪ್. ಒಳ್ಳೆಯ ಆ್ಯಪ್ ಮಾಡುವ ಮುಖ್ಯ ಕೆಲಸವನ್ನು ಮೊದಲು ಕಾಗದದ ಹಾಳೆಯೇ ಮಾಡುತ್ತಿತ್ತು: ಯಾವಾಗ, ಎಲ್ಲಿ, ಏನು ತಿಂದೆ, ಆಗ ಮನಸ್ಸು ಹೇಗಿತ್ತು, ಆ ಕ್ಷಣವೇ ಬರೆಯುವುದು. ಹಾಗಾಗಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಮಳೆಗಾಲದಲ್ಲಿ ಹಳೇ ನೋಟ್‌ಬುಕ್ಕೂ ನಡೆಯುತ್ತದೆ. ತಪ್ಪಿದ ದಿನದ ಪುಟವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ನೀವು ಅದನ್ನೇ ಅಳಿಸುತ್ತಿದ್ದೀರಿ! ‘ಸತತ ಇಷ್ಟು ದಿನ’ ಎಂದು ಬೆನ್ನು ತಟ್ಟುವ ನೋಟಿಫಿಕೇಶನ್ ಬಂದ್ ಮಾಡಿ. ಕ್ಯಾಲೊರಿ ಲೆಕ್ಕ ಕೇಳುವ ಆ್ಯಪ್ ಆದರೆ ಅದನ್ನು ಮಾತ್ರ ಧಾರಾಳವಾಗಿ ಡಿಲೀಟ್ ಮಾಡಿ. ನಿಮ್ಮ ಗುಟ್ಟು ಯಾರ ಕೈ ಸೇರುತ್ತದೆ ಎಂಬುದನ್ನೂ ಅದರ ಪ್ರೈವೆಸಿ ಪುಟದಲ್ಲಿ ನೋಡಿಕೊಳ್ಳಿ.

ಆ್ಯಪ್ ಒಂದೇ ಸಾಕಾ ಎಂದರೆ, ಸಾಲದು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಮೊದಲ ಮೆಟ್ಟಿಲಾಗಿ ಹೇಳುವುದು ಸ್ವಸಹಾಯವನ್ನೇ, ಆದರೆ ಜೊತೆಗೊಬ್ಬ ಮನುಷ್ಯ ಆಗಾಗ ವಿಚಾರಿಸುತ್ತಿರಬೇಕು. ಚಾಟ್‌ಬಾಟ್ ಆ ಮನುಷ್ಯ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗಕ್ಕೆ ಹೋದಾಗ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ಕಾಣಿ. ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು, ಸಾಯುವ ಯೋಚನೆ, ಇವುಗಳಲ್ಲಿ ಒಂದಿದ್ದರೂ ಆ್ಯಪ್ ಬದಿಗಿಟ್ಟು ತಕ್ಷಣ ಹೋಗಿ.

12 ಕಿಲೋ ವಿಷಯ: ಈ ಚಿಕಿತ್ಸೆಯಿಂದ ತೂಕ ಅಷ್ಟೇನೂ ಇಳಿಯುವುದಿಲ್ಲ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಮೊದಲು ರಾತ್ರಿಗಳು ತಹಬಂದಿಗೆ ಬರಲಿ.

ಇನ್ನು ಅಮ್ಮ. ಅವರಿಗೆ ಎಲ್ಲ ಗೊತ್ತು ಮಾರಾಯ್ರೇ, ಡಬ್ಬ ತಾನಾಗಿ ತುಂಬುತ್ತದೆಯೇ! ಕೇಳಿದರೆ ಮಗ ನೊಂದಾನು ಎಂದು ಚಿಪ್ಸ್ ಕರಿಯುತ್ತಿದ್ದಾರೆ. ಎದುರು ಕೂತು ದೊಡ್ಡ ತಪ್ಪೊಪ್ಪಿಗೆಯೇನೂ ಬೇಡ. ನಾಳೆಯಿಂದ ಬೆಳಗ್ಗೆ ಎಂಟೂವರೆಗೆ ನನಗೂ ಎರಡು ಕಡುಬು ಹಾಕು, ಬೇಡ ಅಂದರೂ ಬಡಿಸು ಅನ್ನಿ.