ಅತ್ತಿಯವರ ಹಳೇ ಸಾಮಾನು ಕಡಿಮಿ ಮಾಡಬೇಕಂದ್ರ ಮೊದಲು ಅದರ ಮ್ಯಾಲಿನ ಹೆಸರು ಓದ್ರಿ

ಅಕ್ಕಾರ, ನಿಮ್ಮ ಪ್ರಶ್ನೆ ಓದಿ ನಮ್ಮ ಮನೀನೇ ಕಣ್ಣಮುಂದ ಬಂತ್ರಿ. ಎರಡು ರೂಮಿನ ಬಾಡಿಗಿ ಮನಿ, ಅತ್ತಿ ಊರಿಂದ ತಂದ ಹಿತ್ತಾಳಿ ಸ್ಟೀಲ್ ಸಾಮಾನು ನಾಗಂದಿಗಿ ತುಂಬ ಐತಿ, ಒಂದೂ ತಗಿಯಾಕ ಬಿಡಂಗಿಲ್ಲ, ಜಗಳ ಇಲ್ದಂಗ ಹೆಂಗ ಕಡಿಮಿ ಮಾಡ್ಲಿ ಅಂತ ಕೇಳೀರಿ. ನಾನು ಕೊಪ್ಪಳದಾಕಿ, ನಮ್ಮತ್ತಿಯವರು ಯಲಬುರ್ಗಾ ಕಡೆಯವರು. ಎರಡು ವರ್ಷದ ಹಿಂದ ನಾನೂ ಇದನ್ನ ಮಾಡೀನಿ, ಮೊದಲ ಸಲ ದೊಡ್ಡ ತಪ್ಪು ಮಾಡೀನಿ.

ಅತ್ತಿ ಲಗ್ನಕ್ಕಂತ ಊರಿಗೆ ಹೋದಾಗ ಒಂದು ಚೀಲ ತಂಬಿಗಿ, ಗಂಗಾಳ ಗುಜರಿಯವಗ ತೂಕಕ್ಕ ಹಾಕಿಬಿಟ್ಟೆ. ವಾಪಸ್ ಬಂದು ನೋಡಿದ್ರು, ಒಂದು ಮಾತು ಬೈಲಿಲ್ಲ, ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಅದರಾಗ ಅವರ ತೀರಿಹೋದ ಅಣ್ಣ ಕೊಟ್ಟ ತಂಬಿಗಿ ಇತ್ತಂತ. ಹುಡುಕ್ಕೋತ ಅಂಗಡಿಗೆ ಓಡಿದೆ, ಅಷ್ಟರಾಗ ಮಾಲು ಲಾರಿ ಹತ್ತಿ ಹೋಗಿತ್ತು. ಇವತ್ತಿಗೂ ನೆನೆಸಿಕೊಂಡ್ರ ಹೊಟ್ಟ್ಯಾಗ ಸಂಕಟ ಆಗತೈತ್ರಿ.

ನಮ್ಮ ಕಡೆ ಪಾತ್ರಿ ಅಂದ್ರ ಬರೇ ಪಾತ್ರಿ ಅಲ್ಲ, ಮ್ಯಾಲೆ ಚುಕ್ಕಿ ಅಕ್ಷರದಾಗ ಕೊಟ್ಟವರ ಹೆಸರು, ಲಗ್ನದ ತಾರೀಖು ಕೊರಸಿರ್ತಾರಲ್ಲ, ಅದು ಅತ್ತಿಯವರಿಗೆ ತವರುಮನಿ ಇದ್ದಂಗ. ಅದಾದ ಮ್ಯಾಲೆ ನಾನು ಏನ್ ಮಾಡಿದೆ ಅಂದ್ರ ಮಧ್ಯಾಹ್ನ ಊಟ ಆದ ಕೂಡಲೇ ಒಂದೊಂದೇ ಕೆಳಗ ಇಳಿಸಿ, ಒರಸಿ, ಹೆಸರು ಓದಿ ಹೇಳಾಕ ಶುರು ಮಾಡಿದೆ, ಅವರಿಗೆ ಓದಾಕ ಬರಂಗಿಲ್ಲ. ಒಂದೊಂದು ಹೆಸರಿಗೂ ಒಂದೊಂದು ಕಥಿ. ಕಥಿ ಮುಗಿದ ಮ್ಯಾಲೆ ಅವರೇ ಅಂತಿದ್ರು, ಇದು ಇರ್ಲಿ, ಇದು ನಮ್ಮ ತಂಗಿ ಮೊಮ್ಮಗಳ ಲಗ್ನಕ್ಕ ಕೊಡೂನು, ಇದಕ್ಕ ಯಾರೂ ಇಲ್ಲ ಬಿಡು. ನಾಲ್ಕು ಮಧ್ಯಾಹ್ನ ಹಿಡೀತು. 34 ತಂಬಿಗಿ ಒಳಗ 9 ಉಳಿದ್ವು. ಕೊಟ್ಟ ಪ್ರತಿಯೊಂದರ ಹೆಸರಿಂದು ಮೊಬೈಲ್‌ನ್ಯಾಗ ಫೋಟೋ ತಗೊಂಡಿವಿ, ಈಗ ಅವರೇ ತಗದು ನೋಡ್ತಾರ.

ದೊಡ್ಡ ಬೋಗಾಣಿ, ಪರಾತ ಎಲ್ಲಾ ಊರ ಗುಡಿಗೆ ಕೊಟ್ವಿ, ಅಲ್ಲಿ ದಾಸೋಹಕ್ಕೂ ಬೇಕು, ಯಾರದರೆ ಮನ್ಯಾಗ ಕಾರ್ಯ ಇದ್ರ ಒಯ್ತಾರ. ಗುಜರಿ ಅಂದ್ರ ಮುಖ ತಿರುಗಿಸ್ತಿದ್ದ ಅತ್ತಿ ಗುಡಿಗೆ ಅಂದ ಕೂಡಲೇ ಹೂಂ ಅಂದ್ರು. ಬಿಸಾಡೂದು ಅವರ ಕೈಲೆ ಆಗಂಗಿಲ್ರಿ, ಒಬ್ಬರ ಕೈಗೆ ಕೊಡೂದು ಆಗತೈತಿ, ಇಷ್ಟೇ ವ್ಯತ್ಯಾಸ. ಹಿತ್ತಾಳಿ ಪಾತ್ರಿ ಅಟ್ಟ ಹತ್ತಿದ್ದು ಯಾಕಂದ್ರ ಕಲಾಯಿ ಹಾಕಾವ್ರು ಓಣಿಗೆ ಬರೂದು ನಿಂತೈತಿ, ಒಳಗ ತವರ ಸವರಲಿಲ್ಲಂದ್ರ ಹುಳಿ ಪದಾರ್ಥಕ್ಕ ಕಿಲುಬು ಬರತೈತಿ. ಬಳಸೂದು ಒಂದೆರಡು ಇಟಗೊಂಡು ಅಷ್ಟಕ್ಕೇ ಕಲಾಯಿ ಮಾಡಿಸ್ರಿ.

ಹಳೇ ಸೀರಿ ಕೌದಿಗೆ (ಹಳೇ ಬಟ್ಟಿ ಕೂಡಿಸಿ ಹೊಲಿಯೂ ಹೊದಿಕಿ) ಕೊಡ್ರಿ, ಆದ್ರ ಮೆತ್ತಗಾದ ನೂಲಿನ ಸೀರಿ ಅಷ್ಟೇ, ಪಾಲಿಯೆಸ್ಟರ್ ಬ್ಯಾಡ, ನಮ್ಮ ಬ್ಯಾಸಿಗಿಗೆ ಮೈಗೆ ತಾಗಿದ್ರ ಬೆವರು ಹೀರಂಗಿಲ್ಲ. ಇದ್ದಷ್ಟೂ ಸೀರಿ ಕೌದಿ ಮಾಡಿಸಬ್ಯಾಡ್ರಿ ಮತ್ತ, ಕೌದೀನೂ ಜಾಗ ತಿಂತಾವ.

ಒಂದು ಮಾತ್ರ ಕಡಿಮಿ ಮಾಡಬ್ಯಾಡ್ರಿ, ನೀರಿನ ಕೊಡ, ಬ್ಯಾರಲ್. ಸಾಮಾನು ಕಡಿಮಿ ಮಾಡ್ರಿ ಅನ್ನೋ ವಿಡಿಯೋದವರ ಮನ್ಯಾಗ 24 ತಾಸು ನಳದಾಗ ನೀರು ಬರತಿರಬೇಕು, ನಮ್ಮ ಓಣ್ಯಾಗ ಯಾವಾಗ ಬಿಡ್ತಾರೋ ಆವಾಗ ತುಂಬಿಸ್ಕೋಬೇಕು. ಮುಚ್ಚಿಡ್ರಿ, ವಾರಕ್ಕೊಮ್ಮೆ ತಿಕ್ಕಿ ತೊಳದು ತುಂಬ್ರಿ, ಡೆಂಗಿ ಸೊಳ್ಳಿ ಅದರಾಗೇ ತತ್ತಿ ಇಡೂದು. ಹಿತ್ತಲದಾಗಿನ ಖಾಲಿ ಚೀಲ, ಹಳೇ ಕಟಗಿ, ಇಟ್ಟಂಗಿ ಗುಂಪಿ ಮಾತ್ರ ಮೊದಲು ತಗೀರಿ, ಚೇಳು ಅಲ್ಲೇ ಕೂಡ್ತಾವ. ಬೆಳಕು ಇದ್ದಾಗ, ಕೋಲಿಲೆ ಸರಿಸಿ ತಗೀರಿ, ಕೈ ಹಾಕಬ್ಯಾಡ್ರಿ.

ಹೊಸದು ಬರೂದು ನಿಲ್ಲಲಿಲ್ಲಂದ್ರ ಎಷ್ಟು ತಗದ್ರೂ ಅಷ್ಟೇ. ಆಹೇರಿ ಸೀರಿ, ಜಂಪರ್ ಪೀಸ್ ಎಲ್ಲಾ ಒಂದೇ ಟ್ರಂಕಿನ್ಯಾಗ ಇಟ್ಟೀನಿ, ಕೊಡೂ ಪ್ರಸಂಗ ಬಂದಾಗ ಅದರಾಗಿಂದೇ, ಅಂಗಡಿಗೆ ಹೋಗಂಗಿಲ್ಲ. ಯಾರು ಕೊಟ್ಟಿದ್ದು ಅಂತ ಚೀಟಿ ಹಚ್ರಿ, ಕೊಟ್ಟವರಿಗೇ ತಿರುಗಿ ಹೋಗಬಾರದಲ್ರಿ.

ಇನ್ನ ಕಾಗದ. ಪಹಣಿ ಈಗ ಆನ್‌ಲೈನ್ ಸಿಗತೈತಿ ಅಂತ ಹಳೇ ಕಾಗದ ರದ್ದಿಗೆ ಹಾಕಬ್ಯಾಡ್ರಿ. ಕೊಪ್ಪಳ ಜಿಲ್ಲಾ ಆಗಿದ್ದು 1997ರಾಗ, ಅದಕ್ಕಿಂತ ಹಿಂದಿನ ಕಾಗದದಾಗ ರಾಯಚೂರು ಜಿಲ್ಲಾ ಅಂತ ಇರತೈತಿ, 1948ಕ್ಕಿಂತ ಮೊದಲಿನವು ನಿಜಾಮನ ಕಾಲದವು, ಹೆಚ್ಚಾಗಿ ಉರ್ದುನ್ಯಾಗ ಇರ್ತಾವ. ನಮ್ಮತ್ತಿ ಟ್ರಂಕಿನ ತಳದಾಗ ಅಂಥದೊಂದು ಮಡಚಿಟ್ಟಿದ್ದ ಕಾಗದ ಸಿಕ್ತು, ಹರಿಯಾಕ ಬಂದಿತ್ತು, ನಾನು ಒಲಿಗೆ ಹಾಕೂ ಗುಂಪಿನ್ಯಾಗ ಇಟ್ಟಿದ್ದೆ, ಅತ್ತಿಯವರೇ ತಗದು ಯಾರಿಗರೆ ತೋರಿಸು ಅಂದ್ರು. ಉರ್ದು ಬರೂ ಹಿರಿಯರೊಬ್ಬರ ಕಡೆ ಓದಿಸಿದಾಗ ಗೊತ್ತಾತು, ನಮ್ಮ ಮಾವನವರ ಅಜ್ಜ ಹೊಲ ಖರೀದಿ ಮಾಡಿದ ಕಾಗದ ಅದು ಅಂತ.